ಗಾಡಿ ತಗೊಂಡು ಒಂದೂವರೆ ತಿಂಗಳಿಗೆ 84,500 ಎಸ್ಟಿಮೇಟ್: ಡೀಲರ್ ಮೋಸ ಮಾಡಿದ್ನಾ, ಮೆಕ್ಯಾನಿಕ್ ಹೆದರಿಸ್ತಿದಾನಾ?

ಪ್ರಶ್ನೆ: ಸಾರ್, ನಾನು ತಿಪಟೂರು ಕಡೆ ಹೈಸ್ಕೂಲ್ ಮೇಷ್ಟ್ರು. ಒಂದೂವರೆ ತಿಂಗಳ ಹಿಂದೆ ಬೆಂಗಳೂರಲ್ಲಿ ಒಬ್ಬ ಡೀಲರ್ ಹತ್ರ 2014ರ ಸ್ವಿಫ್ಟ್ ಡೀಸೆಲ್ ತಗೊಂಡೆ, 3 ಲಕ್ಷ 40 ಸಾವಿರಕ್ಕೆ. ಕೊಬ್ಬರಿ ಮಾರಿದ ದುಡ್ಡು ಅರ್ಧ, ಸೊಸೈಟಿ ಸಾಲ ಅರ್ಧ. ಮೀಟರಲ್ಲಿ 78 ಸಾವಿರ ಇತ್ತು, ಡಾಕ್ಟರ್ ಓಡಿಸಿದ ಗಾಡಿ ಅಂದ್ರು. ಟೆಸ್ಟ್ ಡ್ರೈವಲ್ಲಿ ಬೆಣ್ಣೆ ಥರ ಇತ್ತು. ಊರಿಗೆ ತಂದು ಇಲ್ಲಿನ ಮೆಕ್ಯಾನಿಕ್ ಹತ್ರ ಆಯಿಲ್ ಚೇಂಜ್ ಮಾಡಿಸಿದೆ, ಮಾರನೇ ದಿನದಿಂದಲೇ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ನಾಲ್ಕೈದು ಸೆಕೆಂಡ್ ಕರಕರ ಸೌಂಡು. ಧರ್ಮಸ್ಥಳಕ್ಕೆ ಹೋಗಿ ವಾಪಸ್ ಚಾರ್ಮಾಡಿ ಹತ್ತುವಾಗ ಇಂಜಿನ್ ಕೂಗುತ್ತೆ ಗಾಡಿ ಮುಂದೆ ಹೋಗಲ್ಲ, ಹಿಂದೆ ಕಪ್ಪು ಹೊಗೆ, ಚೆಕ್ ಇಂಜಿನ್ ಲೈಟೂ ಹತ್ಕೊಂಡಿದೆ. ಹಂಪಲ್ಲಿ ಮುಂದಿನ ವೀಲ್ ಹತ್ರ ಟಕ್ ಟಕ್. ಮೆಕ್ಯಾನಿಕ್ ಕೊಟ್ಟ ಎಸ್ಟಿಮೇಟು: ಟೈಮಿಂಗ್ ಚೈನ್ ಕಿಟ್ 15,000, ಕ್ಲಚ್ ಸೆಟ್ 12,000, ನಾಲ್ಕು ಇಂಜೆಕ್ಟರ್ ರೀಕಂಡೀಷನ್ 26,000, ಟರ್ಬೋ 18,000, ಸಸ್ಪೆನ್ಷನ್ 8,500, ಲೇಬರ್ 5,000. ಒಟ್ಟು 84,500. ಇವನೇ ಆಯಿಲ್ ಹಾಕಿ ಇಂಜಿನ್ ಹಾಳು ಮಾಡಿದ್ನಾ ಅಂತ ಮನೇಲಿ ಅನುಮಾನ. ಭಾವಮೈದ ಶಿವಾಜಿನಗರದಿಂದ ಸೆಕೆಂಡ್ ಹ್ಯಾಂಡ್ ಇಂಜಿನ್ ತಂದು ಕೂರಿಸ್ಬಿಡಿ ಅಂತಾನೆ. ಇನ್ಶೂರೆನ್ಸ್ ಬಂಪರ್ ಟು ಬಂಪರ್ ಇದೆ, ಕ್ಲೇಮ್ ಆಗುತ್ತಾ? ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಬ್ಯಾನ್ ಅಂತಾರೆ, ಅದೂ ಭಯ. ಆರ್‌ಸಿ ಇನ್ನೂ ನನ್ನ ಹೆಸರಿಗೆ ಬಂದಿಲ್ಲ. ಏನ್ ಮಾಡ್ಲಿ?

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮೂರ ಮೆಕ್ಯಾನಿಕ್ ಮೇಲಿರೋ ಅನುಮಾನ ಬಿಟ್ಬಿಡಿ. ಪಾಪ ಅವನು ಸರಿಯಾದ ಕೆಲಸ ಮಾಡಿ ಬೈಸ್ಕೊಳ್ತಿದಾನೆ. ಹಾಸನದಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ಯಾರೇಜ್ ನಡೆಸ್ತಿದೀನಿ, ಈ "ಆಯಿಲ್ ಚೇಂಜ್ ಮಾಡಿಸಿದ್ಮೇಲೆ ಸೌಂಡ್ ಶುರುವಾಯ್ತು" ಅನ್ನೋ ಕೇಸು ತಿಂಗಳಿಗೆ ಒಂದಾದ್ರೂ ಬರುತ್ತೆ, ನಾನೂ ಒಂದೆರಡು ಸಲ ಬೈಸ್ಕೊಂಡಿದೀನಿ.

ಆಗಿರೋದು ಇಷ್ಟು. ನಿಮ್ಮ ಗಾಡೀಲಿರೋದು 1248 ಸಿಸಿ ಡೀಸೆಲ್ ಇಂಜಿನ್, ಮೂಲದಲ್ಲಿ ಫಿಯೆಟ್‌ದು. ಸ್ವಿಫ್ಟು, ಡಿಸೈರು, ವಿಸ್ಟಾ, ಪುಂಟೋ ಎಲ್ಲದರಲ್ಲೂ ಇದ್ದಿದ್ದು ಇದೇ. 2020ರಲ್ಲಿ ಬಿಎಸ್6 ಅನ್ನೋ ಹೊಸ ಹೊಗೆ ನಿಯಮ ಬಂದಾಗ ಮಾರುತಿಯವ್ರು ಡೀಸೆಲ್ ನಿಲ್ಲಿಸೋ ತನಕ ದೇಶದಲ್ಲಿ ಎಷ್ಟೋ ಟ್ಯಾಕ್ಸಿ ಇದರ ಮೇಲೇ ಓಡ್ತಿತ್ತು. ಗಟ್ಟಿ ಇಂಜಿನ್ನು. ವಾಲ್ವೂ ಪಿಸ್ಟನ್ನೂ ತಾಳ ತಪ್ಪದಂಗೆ ನೋಡ್ಕೊಳ್ಳೋಕೆ ಇದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ, ಆ ಚೈನನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್ ಇಂಜಿನ್ ಆಯಿಲ್ ಪ್ರೆಷರ್ ಮೇಲೆ ಕೆಲಸ ಮಾಡುತ್ತೆ. ಆಯಿಲ್ ಟೈಮಿಗೆ ಸರಿಯಾಗಿ ಬದಲಾಯಿಸದೆ ಹತ್ತು ಸಾವಿರಕ್ಕೆ ಹಾಕೋದನ್ನ ಇಪ್ಪತ್ತು ಇಪ್ಪತ್ತೈದು ಸಾವಿರಕ್ಕೆ ತಳ್ಳಿದ್ರೆ ಚೈನು ಸವೆದು ಉದ್ದ ಆಗುತ್ತೆ, ಟೆನ್ಷನರ್ ಸೋಲುತ್ತೆ, ಆಮೇಲೆ ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಪ್ರೆಷರ್ ಏರೋ ತನಕ ಆ ಮೂರ್ನಾಲ್ಕು ಸೆಕೆಂಡ್ ಚೈನ್ ಒದ್ದಾಡುತ್ತೆ. ಅದೇ ನಿಮ್ಮ ಕರಕರ.

ಹಾಗಾದ್ರೆ ತಗೊಳ್ಳುವಾಗ ಯಾಕೆ ಕೇಳಿಸ್ಲಿಲ್ಲ? ಎರಡು ಕಾರಣ. ಒಂದು, ನೀವು ಡೀಲರ್ ಹತ್ರ ಹೋಗಿದ್ದು ಹನ್ನೊಂದು ಗಂಟೆಗೋ ಹನ್ನೆರಡಕ್ಕೋ ಇರ್ಬೇಕು, ಅಷ್ಟೊತ್ತಿಗೆ ಅವ್ರು ಗಾಡಿ ಒಂದು ರೌಂಡ್ ಓಡಿಸಿ ಬಿಸಿ ಮಾಡಿ ನಿಲ್ಲಿಸಿರ್ತಾರೆ, ಬಿಸಿ ಇಂಜಿನ್ನು ಯಾವ ಗುಟ್ಟನ್ನೂ ಬಿಡಲ್ಲ. ಎರಡನೇದು, ಹಳೇ ಗಾಡಿ ಮಾರೋ ಲೈನಲ್ಲಿ ಎಲ್ಲರಿಗೂ ಗೊತ್ತಿರೋ ಉಪಾಯ, ಕಂಪನಿ ಮ್ಯಾನುಯಲ್ ಹೇಳಿದ ಗ್ರೇಡ್ ಬಿಟ್ಟು 20ಡಬ್ಲ್ಯೂ-50 ನಂಥ ದಪ್ಪ ಆಯಿಲ್ ಹಾಕ್ಬಿಡೋದು. ದಪ್ಪ ಆಯಿಲ್ಲು ಸವೆದ ಜಾಗಕ್ಕೆಲ್ಲ ಕಂಬಳಿ ಹೊದಿಸಿದಂಗೆ, ಸೌಂಡು ಅಡಗುತ್ತೆ, ಹೊಗೇನೂ ಕಮ್ಮಿ ಆಗುತ್ತೆ. ನಿಮ್ಮ ಮೆಕ್ಯಾನಿಕ್ ಸರಿಯಾದ ತೆಳು ಆಯಿಲ್ ಹಾಕಿದ, ಕಂಬಳಿ ತೆಗೆದಂಗಾಯ್ತು. ನಿಮ್ಮ ಗಾಡೀಲಿ ಹೀಗೇ ಆಗಿದೆ ಅಂತ ನಾನು ಆಣೆ ಇಟ್ಟು ಹೇಳಲ್ಲ, ಹಳೇ ಆಯಿಲ್ ಚೆಲ್ಲಿ ಆಗಿದೆ, ಆದ್ರೆ ನೀವು ಹೇಳಿದ ಕತೆ ಕೂದಲಷ್ಟೂ ಆಚೀಚೆ ಇಲ್ಲ. ದಯವಿಟ್ಟು ಮತ್ತೆ ದಪ್ಪ ಆಯಿಲ್ ಹಾಕಿಸಿ ಸೌಂಡ್ ಮುಚ್ಚೋಣ ಅನ್ನೋ ಯೋಚನೆ ಮಾತ್ರ ಬೇಡ, ಯಾರಾದ್ರೂ ಆ ಐಡಿಯಾ ಕೊಟ್ಟೇ ಕೊಡ್ತಾರೆ. ಚಳೀಲಿ ದಪ್ಪ ಆಯಿಲ್ ಮೇಲಕ್ಕೆ ಏರೋದು ಲೇಟು, ಇಂಜಿನ್ನಿಗೆ ಜಾಸ್ತಿ ಗಾಳಿ ತಳ್ಳೋ ಟರ್ಬೋಗೆ ಅದು ವಿಷ.

ಚೆಕ್ ಇಂಜಿನ್ ಲೈಟಿಂದೂ ಅದೇ ಕತೆ. ಏನು ಕೆಟ್ಟಿದೆ ಅಂತ ಗಾಡಿ ಕಂಪ್ಯೂಟರ್ ಒಂದು ಕೋಡ್ ಬರೆದಿಟ್ಟಿರುತ್ತೆ, ಸ್ಕ್ಯಾನರ್ ಹಾಕಿ ಆ ಕೋಡ್ ಅಳಿಸಿದ್ರೆ ಲೈಟ್ ಹೋಗುತ್ತೆ, ಕಾಯಿಲೆ ಹೋಗಲ್ಲ, ಒಂದಷ್ಟು ಓಡಿದ್ಮೇಲೆ ವಾಪಸ್ ಬರುತ್ತೆ. ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಸ್ಕ್ಯಾನರಲ್ಲಿ "ಕೋಡ್ ಕ್ಲಿಯರ್ ಆದ್ಮೇಲೆ ಓಡಿದ ದೂರ" ಅಂತ ಒಂದು ಲೈನ್ ಬಹಳಷ್ಟು ಗಾಡೀಲಿ ಸಿಗುತ್ತೆ. ನಿಮ್ಮ ಮೆಕ್ಯಾನಿಕ್ ಇನ್ನೂ ಕೋಡ್ ಅಳಿಸಿಲ್ಲ ಅಂದ್ರೆ ಮೊದಲು ಅದರ ಫೋಟೋ ತೆಗೆಸಿ ಇಟ್ಕೊಳ್ಳಿ. ನೀವು ತಂದ್ಮೇಲೆ 900 ಕಿಲೋಮೀಟರ್ ಓಡಿಸಿದ್ದು ಆ ಲೈನಲ್ಲಿ 920 ಇದ್ರೆ, ನಿಮಗೆ ಕೀ ಕೊಡೋ ಮುಂಚೆ ಯಾರೋ ಕೋಡ್ ಅಳಿಸಿದಾರೆ ಅಂತ ಅರ್ಥ.

ಈಗ ಆ 78 ಸಾವಿರಕ್ಕೆ ಬರೋಣ. ಡಾಕ್ಟರ್ ಓಡಿಸಿದ ಗಾಡಿ ಅಂತ ಮಾರಿದ್ದೆಲ್ಲ ನಿಜ ಆಗಿದ್ರೆ ನಮ್ಮ ರಾಜ್ಯದಲ್ಲಿ ಹೋಬಳಿಗೊಂದು ಮೆಡಿಕಲ್ ಕಾಲೇಜ್ ಬೇಕಾಗ್ತಿತ್ತು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ, ಅದೂ ಬೆಂಗಳೂರಿಂದು, 78 ಸಾವಿರ ಓಡಿರೋದು ಅಸಾಧ್ಯ ಅಲ್ಲ, ಆದ್ರೆ ಕಮ್ಮಿ ಓಡಿಸೋರು ಆ ಕಾಲದಲ್ಲಿ ಜಾಸ್ತಿ ದುಡ್ಡು ಕೊಟ್ಟು ಡೀಸೆಲ್ ಯಾಕೆ ತಗೋತಿದ್ರು ಅಂತ ಒಂದ್ಸಲ ಯೋಚಿಸಿ. ಮೀಟರ್ ಹಿಂದಕ್ಕೆ ತಿರುಗಿಸೋದು ಈಗ ಲ್ಯಾಪ್‌ಟಾಪ್ ಕೆಲಸ, ಸ್ಕ್ರೂಡ್ರೈವರ್ ಕೂಡ ಬೇಡ. ಆದ್ರೆ ಕಂಪನಿ ಸರ್ವೀಸ್ ಸೆಂಟರ್ ಕಂಪ್ಯೂಟರಲ್ಲಿರೋ ರೆಕಾರ್ಡ್ ತಿರುಗಿಸೋಕೆ ಇವರ ಕೈಲಿ ಆಗಲ್ಲ. ನಿಮ್ಮ ಪೇಪರ್ ತಗೊಂಡು ತಿಪಟೂರೋ ತುಮಕೂರೋ ಹತ್ತಿರದ ಆಥರೈಸ್ಡ್ ಸರ್ವೀಸ್ ಸೆಂಟರಿಗೆ ಹೋಗಿ ರಿಜಿಸ್ಟ್ರೇಷನ್ ನಂಬರ್, ಚಾಸಿ ನಂಬರ್ ಕೊಟ್ಟು ಸರ್ವೀಸ್ ಹಿಸ್ಟರಿ ಕೇಳಿ. ಒಂದೊಂದು ಸರ್ವೀಸಿಗೂ ದಿನಾಂಕ, ಕಿಲೋಮೀಟರ್ ಇರುತ್ತೆ. 2019ರಲ್ಲೇ 96 ಸಾವಿರ ಅಂತ ಬರೆದಿದ್ರೆ ನಿಮ್ಮ ಕೇಸಿನ ತೂಕಾನೇ ಬದಲಾಗುತ್ತೆ. ಹಿಸ್ಟರಿ 2018ಕ್ಕೆ ನಿಂತುಹೋಗಿದ್ರೂ ಅದೊಂದು ಮಾಹಿತಿನೇ, ಆಮೇಲೆ ಆಯಿಲ್ ಎಲ್ಲಿ ಹಾಕಿಸಿದ್ರೋ ಹಾಕಿಸ್ಲೇ ಇಲ್ವೋ ಅಂತ. ಮನೇಲೇ ನೋಡೋಕೂ ಒಂದೆರಡು ಸುಳಿವಿದೆ: ಕ್ಲಚ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದ್ಯಾ, ಸ್ಟೀರಿಂಗ್ ಹೊಳೀತಿದ್ಯಾ, ಟೈರಿನ ಪಕ್ಕ ನಾಲ್ಕಂಕಿ ನಂಬರ್ ಏನಿದೆ. 3214 ಅಂದ್ರೆ 2014ರ 32ನೇ ವಾರದ ಟೈರು. ಗಾಡಿ ನಿಜವಾಗ್ಲೂ 78 ಸಾವಿರ ಓಡಿದ್ರೆ ಅದು ಸಾಮಾನ್ಯವಾಗಿ ಎರಡನೇ ಸೆಟ್ ಟೈರಲ್ಲಿರ್ಬೇಕು, ನಾಲ್ಕನೇ ಸೆಟ್ಟಲ್ಲಲ್ಲ.

ಒಂದು ಮಾತು ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ, ಮೀಟರ್ ನಿಜವೇ ಆಗಿದ್ರೂ ಈ ಬಿಲ್ಲಲ್ಲಿ ಅರ್ಧ ಬರ್ತಾನೇ ಇತ್ತು. ಬೆಂಗಳೂರ್ ಟ್ರಾಫಿಕ್ಕಲ್ಲಿ ಓಡಿದ ಗಾಡಿಯ ಕ್ಲಚ್ಚು 78 ಸಾವಿರಕ್ಕೆ ಮುಗಿಯೋದು ಮೋಸ ಅಲ್ಲ, ಅದು ಸವೆಯೋಕೆ ಅಂತಾನೇ ಇರೋ ಸಾಮಾನು. ಹಳೇ ಓನರ್ ಮಾಡಿಸ್ಬೇಕಾಗಿದ್ದ ಕೆಲಸಾನೆಲ್ಲ ಮುಂದೆ ತಳ್ಳಿ ತಳ್ಳಿ, ಇನ್ನು ತಳ್ಳೋಕಾಗಲ್ಲ ಅಂದಾಗ ಗಾಡಿ ಮಾರ್ತಾನೆ. ಆ ಬಾಕಿ ಗಾಡಿ ಜೊತೆ ನಿಮ್ಮನೆಗೆ ಬರುತ್ತೆ. ನಮ್ಮ ಗ್ಯಾರೇಜಿಗೆ ಗಾಡಿ ತೋರಿಸೋಕೆ ಬರೋರಿಗೆ ನಾನು ಹೇಳೋದು, ಕೈಯಲ್ಲಿ 3 ಲಕ್ಷ 40 ಇದ್ರೆ 2 ಲಕ್ಷ 90ರ ಗಾಡಿ ನೋಡಿ, ಮಿಕ್ಕ ಐವತ್ತು ಮೊದಲ ಆರು ತಿಂಗಳಿಗೆ ಇಟ್ಕೊಳ್ಳಿ ಅಂತ. ನಿಮಗೆ ಈಗ ಹೇಳಿ ಪ್ರಯೋಜನ ಇಲ್ಲ, ಓದೋ ಬೇರೆಯವರಿಗೆ ಆಗ್ಲಿ ಅಂತ ಹೇಳ್ದೆ.

ಸರಿ, 84,500. ಮೆಕ್ಯಾನಿಕ್ ಹೆದರಿಸ್ತಿಲ್ಲ ಆದ್ರೆ ಎಲ್ಲಾನೂ ಒಟ್ಟಿಗೆ ಬರೆದ್ಬಿಟ್ಟಿದಾನೆ, ಅದೇ ಪ್ರಾಬ್ಲಮ್ಮು. ಇದರಲ್ಲಿ ಕೆಲವು ಕಣ್ಣಿಗೆ ಕಾಣೋ ಕೆಲಸ, ಕೆಲವು ಊಹೆ.

ಒಂದು ರೂಪಾಯಿ ಖರ್ಚು ಮಾಡೋ ಮುಂಚೆ ಇದೊಂದು ಟೆಸ್ಟ್ ಮಾಡಿಸಿ. ಇಂಜಿನ್ ಬಿಸಿ ಆದ್ಮೇಲೆ ಐಡಲ್ಲಲ್ಲಿ ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡಿ, ಆಯಿಲ್ ಮಟ್ಟ ನೋಡೋ ಕಡ್ಡಿ, ಡಿಪ್‌ಸ್ಟಿಕ್ಕೂ ಎಳೆದು ನೋಡಿ. ಸ್ವಲ್ಪ ಆವಿ ಬಂದ್ರೆ ಪರವಾಗಿಲ್ಲ, ರೈಲ್ ಇಂಜಿನ್ ಥರ ಬುಸಬುಸ ಹೊಗೆ ತಳ್ತಿದ್ರೆ ಪಿಸ್ಟನ್ ರಿಂಗ್ ಮುಗಿದಿದೆ, ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗಿನ ಒತ್ತಡ, ಕೆಳಕ್ಕೆ ಸೋರ್ತಿದೆ ಅಂತ. ಡೌಟ್ ಇದ್ರೆ ಕಂಪ್ರೆಷನ್ ಟೆಸ್ಟೇ ಮಾಡಿಸಿ. ಕೂಲೆಂಟ್ ಟ್ಯಾಂಕಲ್ಲಿ ಆಯಿಲ್ ಜಿಡ್ಡು, ಆಯಿಲಲ್ಲಿ ಕಾಫಿ ನೊರೆ ಥರ ಏನಾದ್ರೂ ಇದ್ಯಾ ನೋಡಿ. ಇದರಲ್ಲಿ ಫೇಲ್ ಆದ್ರೆ ಮಿಕ್ಕ ಯಾವ ಕೆಲಸಾನೂ ಮಾಡಿಸ್ಬೇಡಿ, ಆಗ ಲೆಕ್ಕಾನೇ ಬೇರೆ, ಗಾಡಿ ವಾಪಸ್ ಕೊಡೋದಕ್ಕೆ ಜಗಳ ಆಡ್ಬೇಕು ಇಲ್ಲಾ ಇದ್ದಂಗೇ ಹೇಳಿ ಮಾರ್ಬೇಕು. ಪಾಸ್ ಆದ್ರೆ ಮುಂದೆ ಓದಿ.

ಚೈನ್ ಮೊದಲು. ಇದನ್ನ ಮುಂದಕ್ಕೆ ಹಾಕೋ ಹಾಗಿಲ್ಲ, ಯಾಕಂದ್ರೆ ಚೈನ್ ಒಂದು ಹಲ್ಲು ಹಾರಿದ್ರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತೆ, ಆಮೇಲೆ 15 ಸಾವಿರದ ಕೆಲಸ ಹೆಡ್ ಕೆಲಸ ಆಗುತ್ತೆ. ಅಲ್ಲೀ ತನಕ ದೂರದ ಊರು ಬೇಡ, ಗಾಡಿ ತಳ್ಳಿ ಸ್ಟಾರ್ಟ್ ಮಾಡೋದಂತೂ ಬೇಡವೇ ಬೇಡ. ಬರೀ ಚೈನ್ ಹಾಕಿಸಿ ದುಡ್ಡು ಉಳಿಸೋಕೆ ಹೋಗ್ಬೇಡಿ, ಟೆನ್ಷನರ್, ಗೈಡು, ಸ್ಪ್ರಾಕೆಟ್ ಎಲ್ಲ ಕಿಟ್ಟಲ್ಲೇ ಬರ್ಲಿ. ಇಂಜಿನ್ ಕೆಳಗಿರೋ ಆಯಿಲ್ ತೊಟ್ಟಿ, ಸಂಪ್ ಇಳಿಸಿದಾಗ ಆಯಿಲ್ ಸ್ಟ್ರೈನರ್ (ಸೋಸೋ ಜಾಲರಿ) ನೋಡೋಕೆ ಹೇಳಿ, ಹಳೇ ಆಯಿಲ್ ಕೀಲೆಣ್ಣೆ ಆಗಿ ಅಲ್ಲಿ ಮೆತ್ಕೊಂಡಿರುತ್ತೆ, ಅದು ಕಟ್ಟಿಕೊಂಡಿದ್ರೆ ಹೊಸ ಚೈನೂ ಬಾಳಲ್ಲ.

ಕ್ಲಚ್ ಎರಡನೇದು. ಚಾರ್ಮಾಡೀಲಿ ಆಗಿದ್ದು ಪಕ್ಕಾ ಕ್ಲಚ್ ಸ್ಲಿಪ್, ಇಂಜಿನ್ ಸುತ್ತೋ ವೇಗ (ಆರ್‌ಪಿಎಂ) ಏರುತ್ತೆ, ಗಾಡಿ ಸ್ಪೀಡ್ ಏರಲ್ಲ. ತಿಪಟೂರಿನ ಸಮ ರೋಡಲ್ಲಿ ಇನ್ನೊಂದೆರಡು ತಿಂಗಳು ಎಳೀಬಹುದು ಆದ್ರೆ ಪ್ಲೇಟ್ ಪೂರ್ತಿ ಸವೆದು ರಿವಿಟ್ ತಾಗಿದ್ರೆ ಫ್ಲೈವೀಲೂ ಗೀರುತ್ತೆ. ಗೇರ್‌ಬಾಕ್ಸ್ ಇಳಿಸೋ ಲೇಬರ್ ಹೇಗಿದ್ರೂ ಕೊಡ್ತೀರಲ್ಲ, ಅದೇ ಟೈಮಲ್ಲಿ ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ಒದ್ದೆ ಇದ್ರೆ ಬದಲಾಯಿಸ್ಬಿಡಿ, ಸೀಲ್ ರೇಟು ಏನೂ ಇಲ್ಲ, ಆಮೇಲೆ ಸೋರಿದ್ರೆ ಮತ್ತೆ ಅಷ್ಟೇ ಲೇಬರ್.

ಡೀಸೆಲ್ ಚಿಮ್ಮಿಸೋ ಇಂಜೆಕ್ಟರು, ಟರ್ಬೋ ಇವೆರಡೂ ಸೇರಿ 44 ಸಾವಿರ, ಇಲ್ಲೇ ನಾನು ಕೈ ಅಡ್ಡ ಹಿಡಿಯೋದು. ಕಪ್ಪು ಹೊಗೆ ಅಂದ ಕೂಡ್ಲೇ ನಾಲ್ಕೂ ಇಂಜೆಕ್ಟರ್ ಹೋಗಿದೆ ಅಂತ ಅಲ್ಲ. ಕಪ್ಪು ಹೊಗೆ ಅಂದ್ರೆ ಡೀಸೆಲ್ ಜಾಸ್ತಿ ಇಲ್ಲಾ ಗಾಳಿ ಕಮ್ಮಿ, ಅಷ್ಟೇ. ಗಾಳಿ ಕಮ್ಮಿ ಆಗೋಕೆ ಏರ್ ಫಿಲ್ಟರ್ ಕಟ್ಟಿರ್ಬಹುದು, ಟರ್ಬೋದಿಂದ ಇಂಜಿನ್ನಿಗೆ ಗಾಳಿ ಒಯ್ಯೋ ಹೋಸ್ ಸೀಳಿರ್ಬಹುದು, ಸಿಟೀಲಿ ಓಡಿ ಓಡಿ, ಸುಟ್ಟ ಹೊಗೇಲಿ ಸ್ವಲ್ಪಾನ ವಾಪಸ್ ಇಂಜಿನ್ನಿಗೆ ಬಿಡೋ ಇಜಿಆರ್ ವಾಲ್ವಲ್ಲಿ ಮಸಿ ಕಟ್ಟಿ ತೆರೆದೇ ನಿಂತಿರ್ಬಹುದು. ನನ್ನ ಅನುಭವದಲ್ಲಿ ಬೆಂಗಳೂರ್ ಗಾಡೀಲಿ ಮೊದಲು ಸಿಕ್ಕಿ ಬೀಳೋದು ಈ ಇಜಿಆರೇ, ಕ್ಲೀನ್ ಮಾಡಿದ್ರೆ ಸಾಕಾಗುತ್ತೆ ಬಹಳ ಸಲ. ಅದಕ್ಕೆ ಮೊದಲು ಕೋಡ್ ಏನು ಬಂದಿದೆ ಅಂತ ಬರೆಸ್ಕೊಳ್ಳಿ, ಆಮೇಲೆ ಇಂಜೆಕ್ಟರಿಗೆ ರಿಟರ್ನ್ ಟೆಸ್ಟ್ ಮಾಡೋಕೆ ಹೇಳಿ: ನಾಲ್ಕೂ ಇಂಜೆಕ್ಟರ್ ರಿಟರ್ನ್ ಪೈಪಿಗೆ ಒಂದೊಂದು ಬಾಟಲ್ ಕಟ್ಟಿ ಇಂಜಿನ್ ಓಡಿಸೋದು, ಯಾವ ಬಾಟಲ್ ಬೇಗ ತುಂಬುತ್ತೋ ಆ ಇಂಜೆಕ್ಟರ್ ಒಳಗೆ ಸೋರ್ತಿದೆ. ಅರ್ಧ ಗಂಟೆ ಕೆಲಸ. ಒಂದು ಹೋಗಿದ್ರೆ ಒಂದಕ್ಕೆ ದುಡ್ಡು ಕೊಡಿ. ಟರ್ಬೋಗೂ ಹಾಗೇ, ಹೋಸ್ ಬಿಚ್ಚಿ ಶಾಫ್ಟ್ ಅಲ್ಲಾಡಿಸಿ ನೋಡ್ಲಿ, ಬ್ಲೇಡು ಹೌಸಿಂಗಿಗೆ ತಾಗಿರೋ ಗುರುತಿದ್ರೆ ಕೆಲಸ ಇದೆ. ಪೈಪ್ ಒಳಗೆ ತೆಳ್ಳಗೆ ಆಯಿಲ್ ಜಿಡ್ಡು ಇರೋದು ಈ ಇಂಜಿನ್ನಲ್ಲಿ ಮಾಮೂಲಿ, ಅದನ್ನ ತೋರಿಸಿ ಟರ್ಬೋ ಹೋಯ್ತು ಅಂದ್ರೆ ಒಪ್ಕೋಬೇಡಿ, ಬಗ್ಗಿಸಿದ್ರೆ ಸುರಿಯೋಷ್ಟಿದ್ರೆ ಬೇರೆ ಮಾತು. ಅಂದಹಾಗೆ ಸ್ಲಿಪ್ ಆಗೋ ಕ್ಲಚ್ಚಲ್ಲಿ ಘಾಟಿ ಹತ್ತಿಸಿದ್ರೆ ನೀವೂ ಆಕ್ಸಿಲರೇಟರ್ ಒತ್ತೇ ಒತ್ತಿರ್ತೀರ, ಹೊಗೇಲಿ ಸ್ವಲ್ಪ ಪಾಲು ಅದರದ್ದೂ ಇರ್ಬಹುದು. ಕ್ಲಚ್ ಆದ್ಮೇಲೆ ಮತ್ತೆ ನೋಡಿ.

ಸಸ್ಪೆನ್ಷನಲ್ಲಿ ಟಕ್ ಟಕ್ ಬಹುಪಾಲು ಲಿಂಕ್ ರಾಡು, ಸಣ್ಣ ದುಡ್ಡು. ಲೋಯರ್ ಆರ್ಮ್ ಬಾಲ್ ಜಾಯಿಂಟ್ ಮಾತ್ರ ಕಂಬಿ ಹಾಕಿ ಮೀಟಿ ನೋಡ್ಲಿ, ಅದು ಆಟ ಇದ್ರೆ ತಕ್ಷಣ ಮಾಡಿಸಿ, ಓಡ್ತಾ ಕಳಚಿದ್ರೆ ವೀಲ್ ಮಗುಚುತ್ತೆ.

ಹೀಗೆ ಮಾಡಿದ್ರೆ ಮೊದಲ ಸುತ್ತಿನ ಖರ್ಚು ಚೈನು, ಕ್ಲಚ್ಚು, ಲಿಂಕ್ ರಾಡು, ಟೆಸ್ಟು, ಲೇಬರ್ ಎಲ್ಲ ಸೇರಿ ನಿಮ್ಮ ಮೆಕ್ಯಾನಿಕ್ ರೇಟಲ್ಲೇ 35 ಸಾವಿರದ ಆಸುಪಾಸು ನಿಲ್ಬೇಕು. ಮಿಕ್ಕಿದ್ದು ಟೆಸ್ಟ್ ಹೇಳಿದಂಗೆ.

ಭಾವಮೈದನ ಇಂಜಿನ್ ಐಡಿಯಾ ಬಗ್ಗೆ. ಗುಜರಿ ಇಂಜಿನ್ನೂ ಇನ್ನೊಂದು ಸೆಕೆಂಡ್ ಹ್ಯಾಂಡ್ ಗಾಡಿ ಇದ್ದಂಗೇ, ಅದೆಷ್ಟು ಓಡಿದೆ ಅಂತ ಹೇಳೋಕೆ ಸುಳ್ಳು ಮೀಟರ್ ಕೂಡ ಇರಲ್ಲ. ಅದಕ್ಕಿಂತ ದೊಡ್ಡ ತಲೆನೋವು ಇಂಜಿನ್ ನಂಬರ್. ಆರ್‌ಸಿಲಿ ಒಂದು ನಂಬರ್, ಬಾನೆಟ್ ಕೆಳಗೆ ಇನ್ನೊಂದು ನಂಬರ್ ಇದ್ರೆ ಆರ್‌ಟಿಒದಲ್ಲಿ ಬದಲಾವಣೆ ಬರೆಸ್ಬೇಕು, ಆ ಇಂಜಿನ್ ಎಲ್ಲಿಂದ ಬಂತು ಅಂತ ಬಿಲ್ ತೋರಿಸ್ಬೇಕು. ಕದ್ದ ಗಾಡೀದಾಗಿದ್ರೆ ಮೇಷ್ಟ್ರು ಸ್ಟೇಷನ್ನಲ್ಲಿ ಕೂರ್ಬೇಕಾಗುತ್ತೆ. ಕಂಪ್ರೆಷನ್ ಚೆನ್ನಾಗಿದ್ರೆ ಈ ದಾರಿ ಯಾಕೆ ಬೇಕು ಹೇಳಿ.

ಇನ್ಶೂರೆನ್ಸ್ ಇದಕ್ಕೆ ಬರಲ್ಲ. ಬಂಪರ್ ಟು ಬಂಪರ್ ಅಂದ್ರೆ ಆಕ್ಸಿಡೆಂಟಲ್ಲಿ ಹೋದ ಪಾರ್ಟ್ಸಿಗೆ ಸವಕಳಿ ಕಡಿತ ಮಾಡಲ್ಲ ಅಂತ ಅಷ್ಟೇ, ಸವೆದ ಚೈನಿಗೂ ಕ್ಲಚ್ಚಿಗೂ ಯಾವ ಪಾಲಿಸೀನೂ ದುಡ್ಡು ಕೊಡಲ್ಲ. ಹತ್ತು ವರ್ಷದ ಡೀಸೆಲ್ ಬ್ಯಾನ್ ಅನ್ನೋದು ದೆಹಲಿ ಸುತ್ತಮುತ್ತಲಿನ ಕತೆ, ನಮ್ಮಲ್ಲಿ ಖಾಸಗಿ ಕಾರಿಗೆ 15 ವರ್ಷಕ್ಕೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸ್ಬೇಕು, ನಿಮಗೆ ಅದು 2029ಕ್ಕೆ.

ಆದ್ರೆ ಆರ್‌ಸಿ ವಿಷಯದಲ್ಲಿ ನೀವು ಕೂತಿರೋ ರೀತಿ ನನಗೆ ಚೈನ್ ಸೌಂಡಿಗಿಂತ ಭಯ. ಮೋಟಾರು ವಾಹನ ಕಾಯ್ದೆ ಪ್ರಕಾರ ತಗೊಂಡೋರು 30 ದಿನದೊಳಗೆ ಟ್ರಾನ್ಸ್‌ಫರಿಗೆ ಹಾಕ್ಬೇಕು, ಇನ್ಶೂರೆನ್ಸ್ ಕಂಪನಿಗೆ 14 ದಿನದೊಳಗೆ ತಿಳಿಸ್ಬೇಕು. ನೀವು ಎರಡೂ ದಾಟಿದೀರ. ಥರ್ಡ್ ಪಾರ್ಟಿ ಗಾಡಿ ಜೊತೆ ಬರುತ್ತೆ, ಆದ್ರೆ ನಾಳೆ ನಿಮ್ಮ ಗಾಡೀಗೇ ಏಟಾಗಿ ಕ್ಲೇಮ್ ಹಾಕಿದ್ರೆ ಪಾಲಿಸಿ ಇನ್ನೊಬ್ಬರ ಹೆಸರಲ್ಲಿದೆ ಅಂತ ಕೈ ಎತ್ತಬಹುದು. ಹೆಸರು ಬದಲಾವಣೆಯ ಫಾರಂ 29, 30 ಸೈನ್ ಆಗಿದ್ಯಾ, ಹಳೇ ಲೋನ್ ಇದ್ರೆ ಅದು ತೀರಿದೆ ಅನ್ನೋ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬಂದಿದ್ಯಾ ನೋಡಿ, ಎಂಪರಿವಾಹನ್ ಆಪಲ್ಲಿ ನಂಬರ್ ಹಾಕಿದ್ರೆ ಹೈಪೋಥಿಕೇಷನ್ (ಗಾಡಿ ಮೇಲೆ ಬ್ಯಾಂಕಿನ ಸಾಲದ ಹಕ್ಕು) ಇದ್ಯಾ, ಎಷ್ಟನೇ ಓನರ್ ಅಂತ ಕಾಣುತ್ತೆ. ಹಳೇ ಓನರಿನ ನೋ ಕ್ಲೇಮ್ ಬೋನಸ್ಸು, ಅಂದ್ರೆ ಕ್ಲೇಮ್ ಹಾಕದೇ ಇದ್ದಿದ್ದಕ್ಕೆ ಸಿಗೋ ರಿಯಾಯಿತಿ, ನಿಮಗೆ ಬರಲ್ಲ, ಅದರ ವ್ಯತ್ಯಾಸ ಕಟ್ಬೇಕಾಗುತ್ತೆ, ಅದನ್ನೂ ಬಜೆಟ್ಟಲ್ಲಿ ಸೇರಿಸ್ಕೊಳ್ಳಿ.

ಇನ್ನು ಡೀಲರ್. ರಿಪೇರಿ ಶುರು ಮಾಡೋ ಮುಂಚೆ ಅವನಿಗೆ ಬರವಣಿಗೇಲಿ ತಿಳಿಸಿ, ಫೋನಲ್ಲಿ ಕೂಗಾಡಿದ್ದಕ್ಕೆ ಲೆಕ್ಕ ಇಲ್ಲ. ಬೆಳಗಿನ ಕೋಲ್ಡ್ ಸ್ಟಾರ್ಟ್ ವಿಡಿಯೋ, ಸ್ಕ್ಯಾನರ್ ಫೋಟೋ, ಎಸ್ಟಿಮೇಟು, ಅವನು ಡಾಕ್ಟರ್ ಗಾಡಿ 78 ಸಾವಿರ ಅಂತ ಹಾಕಿದ್ದ ಜಾಹೀರಾತು, ವಾಟ್ಸಾಪ್ ಮೆಸೇಜು ಎಲ್ಲ ಇಟ್ಕೊಳ್ಳಿ. ಡೆಲಿವರಿ ನೋಟಲ್ಲಿ ವಾರಂಟಿ ಅಂತ ಬರೆದಿದ್ರೆ ಅವರು ನೋಡೋ ತನಕ ಇಂಜಿನ್ ಬಿಚ್ಚಬೇಡಿ, ಹೊರಗಡೆ ಬಿಚ್ಚಿದೀರ ಅನ್ನೋ ಒಂದೇ ನೆಪಕ್ಕೆ ಕೈ ತೊಳ್ಕೋತಾರೆ. ಬರೀ ಕ್ಲಚ್ಚು ಚೈನಿಗೆ ಅಂತ ಹೋದ್ರೆ "ಹಳೇ ಗಾಡಿ ಸ್ವಾಮಿ, ಇದ್ದಂಗೇ ಕೊಟ್ಟಿದೀವಿ" ಅನ್ನೋ ಮಾತಿಗೆ ಸ್ವಲ್ಪ ಬಲ ಇದೆ. ಮೀಟರ್ ತಿರುಗಿಸಿದ್ದು ರೆಕಾರ್ಡಲ್ಲಿ ಸಿಕ್ಕರೆ ಆ ಮಾತು ನಿಲ್ಲಲ್ಲ, ಅದು ಸುಳ್ಳು ಹೇಳಿ ಮಾರಿದ್ದು. ಆಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ಬಹುದು, 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ್ಮೇಲೆ ಬೆಂಗಳೂರಿಗೆ ಅಲೀಬೇಕಿಲ್ಲ, ನೀವು ವಾಸ ಇರೋ ಜಿಲ್ಲೇಲೇ, ಅಂದ್ರೆ ತುಮಕೂರಲ್ಲೇ ಹಾಕ್ಬಹುದು. ಎರಡು ವರ್ಷದೊಳಗೆ ಹಾಕ್ಬೇಕು, ಕೊಟ್ಟಿರೋ ದುಡ್ಡು 5 ಲಕ್ಷದೊಳಗಿರೋದ್ರಿಂದ ಫೀಸಿಲ್ಲ. ಅದಕ್ಕೆ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಕಂಪ್ಲೇಂಟ್ ದಾಖಲಿಸಿ. ಆಯೋಗದಲ್ಲಿ ಕೇಸ್ ಮುಗಿಸೋಕೆ ಕಾಯ್ದೇಲಿ ಮೂರು ತಿಂಗಳು, ಪರೀಕ್ಷೆ ಬೇಕಾದ್ರೆ ಐದು ತಿಂಗಳು ಅಂತಿದೆ, ನನ್ನ ಗಿರಾಕಿಗಳು ಅದಕ್ಕಿಂತ ಜಾಸ್ತಿನೇ ಕಾದಿದಾರೆ. ಬಹಳ ಡೀಲರ್‌ಗಳು ರೆಕಾರ್ಡ್ ಕಾಪಿ ಕೈಗೆ ಬಂದ ದಿನವೇ ಅರ್ಧ ಖರ್ಚು ಕೊಡ್ತೀನಿ ಅಂತ ಮಾತಿಗೆ ಬರ್ತಾರೆ. ಅರ್ಧ ಕೊಟ್ರೆ ನಾನಾಗಿದ್ರೆ ತಗೋತೀನಿ. ನಿಮ್ಮ ಸಿಟ್ಟು ಎಷ್ಟಿದೆಯೋ ಅದು ನಿಮಗೆ ಬಿಟ್ಟಿದ್ದು. ಗಾಡಿ ಯಾರೋ ಖಾಸಗಿ ಓನರ್ ಹತ್ರ ನೇರ ತಗೊಂಡಿದ್ರೆ ಈ ದಾರಿ ಇರ್ತಿರ್ಲಿಲ್ಲ, ವ್ಯಾಪಾರ ಮಾಡೋನು ಮಾರಿದ್ರೆ ಮಾತ್ರ.

ಹಾಗಾಗಿ ನಾಳೆಯಿಂದ ಕ್ರಮ ಹೀಗಿರ್ಲಿ, ಸೋಮವಾರ ಸರ್ವೀಸ್ ಸೆಂಟರಿಗೆ ಹೋಗಿ ಹಿಸ್ಟರಿ, ಅದೇ ದಿನ ಡೀಲರಿಗೆ ಮೆಸೇಜು ಮತ್ತು ರಿಜಿಸ್ಟರ್ ಪೋಸ್ಟು, ಆರ್‌ಸಿ ಅರ್ಜಿ, ಒಂದು ವಾರ ಕಾದು ಉತ್ತರ ಬರದಿದ್ರೆ ಚೈನ್ ಕೆಲಸ. ಚೈನ್ ಕವರ್ ಬಿಚ್ಚೋ ದಿನ ರಜೆ ಹಾಕಿ ಗ್ಯಾರೇಜಲ್ಲೇ ನಿಂತ್ಕೊಳ್ಳಿ, ಹೊಸ ಕಿಟ್ಟಿನ ಡಬ್ಬ ನಿಮ್ಮ ಮುಂದೆ ಒಡೀಲಿ, ಹಳೇ ಸಾಮಾನೆಲ್ಲ ಚೀಲದಲ್ಲಿ ಹಾಕಿಸ್ಕೊಂಡು ಮನೆಗೆ ತನ್ನಿ, ಬಿಲ್ಲಲ್ಲಿ ಗಾಡಿ ನಂಬರೂ ಕಿಲೋಮೀಟರೂ ಬರೆಸಿ. ಹಳೇ ಟೆನ್ಷನರು, ಗೈಡು ಎಷ್ಟು ಸವೆದಿದೆ ಅಂತ ಹತ್ತಿರದಿಂದ ಒಂದು ಫೋಟೋ ತೆಗೆದು ಸರ್ವೀಸ್ ಹಿಸ್ಟರಿ ಜೊತೆ ನನಗೆ ಕಳ್ಸಿ, 78 ಸಾವಿರದ ಗಾಡೀದಾ ಒಂದೂವರೆ ಲಕ್ಷದ್ದಾ ಅಂತ ನನಗನಿಸಿದ್ದು ಹೇಳ್ತೀನಿ.